ಎದುರು ಬಣದ ಜರ್ಸಿ ತೊಟ್ಟು ಬೆಳೆದ ಹುಡುಗ

ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಬೂಟಲ್‌ನ ಒಬ್ಬ ಹುಡುಗ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಬಾಲಕರ ತರಬೇತಿಗೆ ಅದೇ ಊರಿನ ಎದುರಾಳಿ ಎವರ್ಟನ್‌ನ ನೀಲಿ ಜರ್ಸಿ ತೊಟ್ಟುಕೊಂಡೇ ಹೋಗುತ್ತಿದ್ದ. ಜರ್ಸಿ ಹಾಗಿರಲಿ, ಅವನ ಹೆಸರಿನಲ್ಲೇ ಎವರ್ಟನ್ ಇತ್ತು: ಜೇಮ್ಸ್ ಲೀ ಡಂಕನ್ ಕ್ಯಾರಗರ್. ಅವನು ಹುಟ್ಟಿದ 1978ರ ಜನವರಿಯಲ್ಲಿ ಎವರ್ಟನ್‌ನ ಮ್ಯಾನೇಜರ್ ಗಾರ್ಡನ್ ಲೀ, ಅಲ್ಲಿನ ಫಾರ್ವರ್ಡ್ ಡಂಕನ್ ಮೆಕೆಂಜಿ. ಇಬ್ಬರ ಹೆಸರೂ ಮಗುವಿನ ಹೆಸರೊಳಗೆ ಸೇರಿಹೋಯಿತು. ಆ ಹುಡುಗ 1997ರ ಜನವರಿಯಲ್ಲಿ ಲಿವರ್‌ಪೂಲ್‌ನ ಹಿರಿಯರ ತಂಡಕ್ಕೆ ಇಳಿದ, 2013ರ ಮೇನಲ್ಲಿ ಬೂಟು ಕಳಚಿಟ್ಟ. ನಡುವೆ 737 ಪಂದ್ಯ, ಎಲ್ಲವೂ ಅದೊಂದೇ ಕ್ಲಬ್ಬಿಗೆ. 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದವರಿಗೆ ನೆನಪಿರುತ್ತದೆ. ಹೆಚ್ಚುವರಿ ಸಮಯದಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡು, ನೋವಿಗೆ ಮುಖ ಕಿವುಚುತ್ತಲೇ ಮಿಲಾನ್‌ನ ಕ್ರಾಸ್‌ಗಳಿಗೆ ಕಾಲು ಅಡ್ಡ ಕೊಟ್ಟವನು ಅವನೇ.

ಆಟಗಾರರು ಕ್ಲಬ್ ಬದಲಿಸುವ ಟ್ರಾನ್ಸ್‌ಫರ್ ಕಾಲ ಬಂತೆಂದರೆ ಯಾವುದಾದರೊಂದು ಊರಿನಲ್ಲಿ ಇದೇ ಜಗಳ ಏಳುತ್ತದೆ. ಒಬ್ಬ ಆಟಗಾರನ ಹೆಸರು ತೇಲಿಬರುತ್ತದೆ. ಅರ್ಧ ಗಂಟೆಯೊಳಗೆ ಅವನ ಹಳೆಯ ಫೋಟೊ ಹೊರಬೀಳುತ್ತದೆ, ಮೈಮೇಲೆ ಎದುರು ಬಣದ ಜರ್ಸಿ. ಒಂದು ಗುಂಪು, 'ಅವನು ಅವರ ಕಡೆಯವನು, ನಮಗೆ ಬೇಡ' ಅನ್ನುತ್ತದೆ. ಇನ್ನೊಂದು ಗುಂಪು, 'ಗೋಲು ಹೊಡೆದರೆ ಸಾಕು, ಮಿಕ್ಕಿದ್ದು ಕಟ್ಟಿಕೊಂಡು ಏನಾಗಬೇಕು' ಅನ್ನುತ್ತದೆ. ಎರಡನೆಯ ಗುಂಪಿನ ತೀರ್ಮಾನ ಸರಿ, ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸಾಲದು. ಅಭಿಮಾನಕ್ಕೆ ಬೆಲೆಯೇ ಇಲ್ಲ ಅನ್ನುವುದಾದರೆ ನಾವೆಲ್ಲ ಮೈದಾನಕ್ಕೆ ಹೋಗುವುದು ಯಾಕೆ? ಬಾಲ್ಯದ ಅಭಿಮಾನ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದನ್ನು ಬಿಡಿಸಿ ನೋಡಬೇಕು. ಅದಕ್ಕೆ ಲಿವರ್‌ಪೂಲ್‌ಗಿಂತ ಒಳ್ಳೆಯ ಊರಿಲ್ಲ.

ಎವರ್ಟನ್ ಹುಟ್ಟಿದ್ದು 1878ರಲ್ಲಿ. 1884ರಿಂದ ಅವರು ಆಡುತ್ತಿದ್ದದ್ದು ಬೇರೆಲ್ಲೂ ಅಲ್ಲ, ಆನ್‌ಫೀಲ್ಡ್‌ನಲ್ಲೇ. ಬಾಡಿಗೆಯ ವಿಚಾರಕ್ಕೆ ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಜೊತೆ ಮನಸ್ತಾಪ ಬೆಳೆದು 1892ರಲ್ಲಿ ಎವರ್ಟನ್‌ನವರು ಸ್ಟ್ಯಾನ್ಲಿ ಪಾರ್ಕ್ ದಾಟಿ ಗುಡಿಸನ್ ಮೈದಾನಕ್ಕೆ ಹೋದರು. ಹೌಲ್ಡಿಂಗ್ ಕೈಯಲ್ಲಿ ಉಳಿದದ್ದು ಖಾಲಿ ಮೈದಾನ. ಅದರಲ್ಲಿ ಅವರು ಕಟ್ಟಿದ ಹೊಸ ತಂಡವೇ ಲಿವರ್‌ಪೂಲ್. ಅಂದರೆ ಇದು ಒಂದೇ ಮನೆ ಪಾಲಾದ ಕಥೆ. ಪಾಲಾದ ಮೇಲೂ ನಂಟು ಹರಿಯಲಿಲ್ಲ. ಒಂದೇ ಬೀದಿಯಲ್ಲಿ, ಒಂದೇ ಊಟದ ಮೇಜಿನಲ್ಲಿ ಅಣ್ಣ ಕೆಂಪು, ತಮ್ಮ ನೀಲಿ. 1989ರಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸತ್ತ ಹಿಲ್ಸ್‌ಬರೋ ದುರಂತ ನಡೆದ ವಾರ, ಗುಡಿಸನ್ ಕಡೆಯಿಂದ ಆನ್‌ಫೀಲ್ಡ್‌ವರೆಗೆ ಪಾರ್ಕಿನ ಉದ್ದಕ್ಕೂ ಕೆಂಪು ನೀಲಿ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಕಟ್ಟಿದ್ದರು. ಎವರ್ಟನ್ 2025ರಲ್ಲಿ ಗುಡಿಸನ್ ಬಿಟ್ಟು ನದಿದಂಡೆಯ ಬ್ರಾಮ್ಲಿ-ಮೂರ್ ಡಾಕ್‌ನ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಪಾರ್ಕ್ ಅಡ್ಡವಾಗಿದ್ದ ಆ ನೆರೆಹೊರೆ ಈಗಿಲ್ಲ, ಮನೆಯೊಳಗಿನ ಪಾಲು ಮಾತ್ರ ಹಾಗೇ ಇದೆ.

ಇಂಥ ಊರಿನಲ್ಲಿ 'ನಮ್ಮೂರ ಹುಡುಗರು ತಂಡದಲ್ಲಿರಬೇಕು' ಅಂತ ಕೇಳುವವರು, ಅವರಲ್ಲಿ ಹಲವರು ಎದುರು ಬಣದ ಮನೆಯಿಂದಲೇ ಬರುತ್ತಾರೆ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಒಂದನ್ನು ಬೇಡಿ ಇನ್ನೊಂದನ್ನು ತಳ್ಳಲು ಬರುವುದಿಲ್ಲ. ಬೆಂಗಳೂರಿನ ಅಭಿಮಾನಿಗಳಿಗೆ ಈ ಇಕ್ಕಟ್ಟು ಅಷ್ಟಾಗಿ ಗೊತ್ತಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಅದೇ ಊರಿನ ಎದುರಾಳಿ ಇಲ್ಲ. ನಮ್ಮ ದೇಶದಲ್ಲಿ ಇದರ ಬಿಸಿ ಗೊತ್ತಿರುವುದು ಕೋಲ್ಕತ್ತಕ್ಕೆ. ಬೆಂಗಳೂರಿನ ನಾಯಕನಾಗಿ ಮೆರೆದ ಸುನಿಲ್ ಛೆಟ್ರಿ ಅದಕ್ಕೂ ಮೊದಲು ಅಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ಆಡಿ ಬಂದವರು.

ಮತ್ತೆ ಲಿವರ್‌ಪೂಲ್‌ಗೆ. 1990ರ ದಶಕದಲ್ಲಿ ಆನ್‌ಫೀಲ್ಡ್‌ನಲ್ಲಿ ಮೇಲೆ ಬಂದ ಹುಡುಗರ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ: ಸ್ಟೀವ್ ಮೆಕ್‌ಮನಾಮನ್, ರಾಬಿ ಫೌಲರ್, ಕ್ಯಾರಗರ್, ಮೈಕೆಲ್ ಓವನ್. ನಾಲ್ವರೂ ಚಿಕ್ಕಂದಿನಲ್ಲಿ ಎವರ್ಟನ್ ಅಭಿಮಾನಿಗಳು. ಓವನ್‌ನ ತಂದೆ ಟೆರಿ ಓವನ್ ಎವರ್ಟನ್‌ಗೇ ಆಡಿದವರು. ಇದು ಕಾಕತಾಳೀಯ ಅನಿಸಬಹುದು, ಆದರೆ ವಯಸ್ಸಿನ ಲೆಕ್ಕ ಹಾಕಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಮಕ್ಕಳಿಗೆ ಕ್ಲಬ್ಬಿನ ಹುಚ್ಚು ಹತ್ತುವುದು ಸುಮಾರು ಐದರಿಂದ ಹನ್ನೆರಡು ವರ್ಷದೊಳಗೆ. ಎವರ್ಟನ್ 1984ರಲ್ಲಿ ಎಫ್‌ಎ ಕಪ್ ಗೆದ್ದಿತು, 1985ರಲ್ಲಿ ಲೀಗನ್ನೂ ಯುರೋಪಿನ ಕಪ್ ವಿನ್ನರ್ಸ್ ಕಪ್ಪನ್ನೂ ಗೆದ್ದಿತು, 1987ರಲ್ಲಿ ಮತ್ತೆ ಲೀಗ್. 1985ರ ಮೇನಲ್ಲಿ ಮೆಕ್‌ಮನಾಮನ್‌ಗೆ 13, ಫೌಲರ್‌ಗೆ 10, ಕ್ಯಾರಗರ್‌ಗೆ 7, ಓವನ್‌ಗೆ 5. ಊರೇ ನೀಲಿಯಲ್ಲಿ ಕುಣಿಯುತ್ತಿದ್ದ ವರ್ಷಗಳಲ್ಲಿ ಕಣ್ಣು ಬಿಟ್ಟ ಮಕ್ಕಳು ಇವರು. ಅವರು ಕಾಲಿಗೆ ಚೆಂಡು ಕಟ್ಟಿಕೊಂಡಂತೆ ಆಡುವ ವಯಸ್ಸಿಗೆ ಬಂದಾಗ ಲಿವರ್‌ಪೂಲ್‌ನ ಬಾಲಕರ ವಿಭಾಗ ಅವರನ್ನು ಗುರುತಿಸಿ ಕರೆದುಕೊಂಡಿತು. 'ಯಾವ ಕ್ಲಬ್ಬಿನ ಅಭಿಮಾನಿ' ಅನ್ನುವುದನ್ನು ಅಲ್ಲಿ ಜರಡಿಯಾಗಿ ಇಟ್ಟಿದ್ದರೆ ಈ ನಾಲ್ವರೂ ಕೆಳಗೆ ಉದುರಿಹೋಗುತ್ತಿದ್ದರು.

ಇಂಗ್ಲೆಂಡಿನ ಅಕಾಡೆಮಿ ವ್ಯವಸ್ಥೆಯೂ ಈ ಅಭಿಮಾನದ ದಾರಿಯಲ್ಲಿ ಹೋಗುವಂಥದ್ದಲ್ಲ. ಒಂಬತ್ತು ವರ್ಷದೊಳಗಿನವರ ಗುಂಪಿನಿಂದ ಕ್ಲಬ್ಬುಗಳು ಮಕ್ಕಳನ್ನು ನೋಂದಾಯಿಸಿಕೊಳ್ಳುತ್ತವೆ. ಹದಿನಾರಕ್ಕೆ ಸ್ಕಾಲರ್‌ಶಿಪ್, ಹದಿನೇಳು ತುಂಬಿದ ಮೇಲೆ ವೃತ್ತಿಪರ ಒಪ್ಪಂದ. ಎಂಟು ವರ್ಷದ ಮಗುವಿನ ಕ್ಲಬ್ಬನ್ನು ನಿರ್ಧರಿಸುವುದು ಯಾವ ಸ್ಕೌಟ್ ಮೊದಲು ಬಾಗಿಲು ತಟ್ಟಿದ, ಅಭ್ಯಾಸದ ಮೈದಾನ ಮನೆಯಿಂದ ಎಷ್ಟು ದೂರ, ವಾರಕ್ಕೆ ಮೂರು ಸಂಜೆ ಕಾರಿನಲ್ಲಿ ಕರೆದೊಯ್ಯಲು ಅಪ್ಪನಿಗೋ ಅಮ್ಮನಿಗೋ ಬಿಡುವಿದೆಯೇ ಅನ್ನುವ ಸಂಗತಿಗಳು. ಮಗುವಿನ ಮಂಚದ ಮೇಲಿನ ಹೊದಿಕೆಯ ಬಣ್ಣ ಅಲ್ಲಿ ಲೆಕ್ಕಕ್ಕಿಲ್ಲ.

ಇನ್ನು 'ಡರ್ಬಿಯಲ್ಲಿ, ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯದಲ್ಲಿ, ಅವನ ಮನಸ್ಸು ಅವರ ಕಡೆಗೇ ವಾಲಿದರೆ' ಅನ್ನುವ ಭಯ. ಇದಕ್ಕೆ ಇಯಾನ್ ರಶ್‌ಗಿಂತ ದೊಡ್ಡ ಉತ್ತರ ಇಲ್ಲ. ವೇಲ್ಸ್‌ನಲ್ಲಿ ಎವರ್ಟನ್ ಅಭಿಮಾನಿಯಾಗಿ ಬೆಳೆದವನು. 1980ರಲ್ಲಿ ಚೆಸ್ಟರ್‌ನಿಂದ 3 ಲಕ್ಷ ಪೌಂಡ್ ಕೊಟ್ಟು ಲಿವರ್‌ಪೂಲ್ ಅವನನ್ನು ತಂದಿತು. ಹದಿಹರೆಯದ ಆಟಗಾರನಿಗೆ ಆಗ ಅದು ದಾಖಲೆಯ ಮೊತ್ತ. 1982ರ ನವೆಂಬರ್ 6ರಂದು ಗುಡಿಸನ್‌ನಲ್ಲೇ ಎವರ್ಟನ್ 5–0ಯಿಂದ ಸೋತಿತು, ಅದರಲ್ಲಿ ನಾಲ್ಕು ಗೋಲು ರಶ್‌ನವು. 1986ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಎರಡು, 1989ರ ಫೈನಲ್‌ನಲ್ಲಿ ಬದಲಿಯಾಗಿ ಬಂದು ಮತ್ತೆ ಎರಡು. ಒಟ್ಟು ಲಿವರ್‌ಪೂಲ್‌ಗೆ ಹೊಡೆದ 346 ಗೋಲುಗಳಲ್ಲಿ 25 ಎವರ್ಟನ್ ಮೇಲೆಯೇ. ಡರ್ಬಿಯ ಇತಿಹಾಸದಲ್ಲಿ ಅಷ್ಟು ಗೋಲು ಇನ್ಯಾರದ್ದೂ ಇಲ್ಲ. ವೃತ್ತಿಪರ ಆಟಗಾರ ಎದುರಿನ ಅಂಗಿಯ ಬಣ್ಣ ನೋಡಿ ಓಟ ನಿಧಾನ ಮಾಡುವುದಿಲ್ಲ. ಅದರಲ್ಲೂ ತಾನು ಬೆಳೆದ ಬೀದಿಯ ಗೆಳೆಯರು, ಮಾವಂದಿರು ನೋಡುತ್ತಿರುವಾಗ ಇನ್ನೂ ಒಂದು ಹೆಜ್ಜೆ ಮುಂದೆಯೇ ಇಡುತ್ತಾನೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಫಾರ್ವರ್ಡ್ ರಾಬಿ ಕೀನ್ 2008ರ ಜುಲೈನಲ್ಲಿ ಲಂಡನ್ನಿನ ಟಾಟನಮ್‌ನಿಂದ ಲಿವರ್‌ಪೂಲ್‌ಗೆ ಬಂದ, ಚಿಕ್ಕಂದಿನಿಂದ ತಾನು ಲಿವರ್‌ಪೂಲ್ ಅಭಿಮಾನಿ ಅಂತ ಹೇಳಿಕೊಂಡ. ಎಲ್ಲರಿಗೂ ಸಂತೋಷವಾಯಿತು. 28 ಪಂದ್ಯ, 7 ಗೋಲು. 2009ರ ಫೆಬ್ರುವರಿಯಲ್ಲಿ ವಾಪಸ್ ಟಾಟನಮ್‌ಗೆ. ಅವನ ಪ್ರೀತಿ ಸುಳ್ಳಾಗಿತ್ತು ಅಂತ ನಾನು ಹೇಳುವುದಿಲ್ಲ. ಫರ್ನಾಂಡೊ ಟೊರೆಸ್ ಮುಂದೆ, ಸ್ಟೀವನ್ ಜೆರಾರ್ಡ್ ಅವನ ಹಿಂದೆ ಆಡುತ್ತಿದ್ದ ತಂಡದಲ್ಲಿ ಕೀನ್‌ಗೆ ಒಗ್ಗುವ ಜಾಗವೇ ಇರಲಿಲ್ಲ. ಆ ಬೇಸಿಗೆಯಲ್ಲಿ ಕೇಳಬೇಕಿದ್ದ ಪ್ರಶ್ನೆ ಅದು.

ಫೋಟೊಗಳ ವಿಷಯಕ್ಕೆ ಬರೋಣ, ಯಾಕೆಂದರೆ ಜಗಳ ಶುರುವಾಗುವುದು ಅಲ್ಲಿಂದಲೇ. ಪುಟ್ಟ ಸ್ಟೀವನ್ ಜೆರಾರ್ಡ್ ಎವರ್ಟನ್‌ನ ಪೂರ್ತಿ ಕಿಟ್ ತೊಟ್ಟು ಟ್ರೋಫಿಗಳ ಪಕ್ಕ ನಿಂತಿರುವ ಚಿತ್ರವೊಂದಿದೆ. ಆ ಕುಟುಂಬದಲ್ಲೂ ಎವರ್ಟನ್‌ನವರಿದ್ದರು, ಮಗುವಿಗೆ ಅಂಗಿ ತೊಡಿಸಿ ನಿಲ್ಲಿಸಿದ್ದರು. ಜೆರಾರ್ಡ್ ಎಂದೂ ಎವರ್ಟನ್ ಅಭಿಮಾನಿ ಆಗಿರಲಿಲ್ಲ. ಹಿಲ್ಸ್‌ಬರೋದಲ್ಲಿ ಹತ್ತು ವರ್ಷದ ಸೋದರಸಂಬಂಧಿಯನ್ನು ಕಳೆದುಕೊಂಡ ಹುಡುಗ ಅವನು. ಆ ಚಿತ್ರವೊಂದನ್ನೇ ಹಿಡಿದು ತೀರ್ಮಾನಿಸಿದ್ದರೆ ಎಂಥ ಅನ್ಯಾಯವಾಗುತ್ತಿತ್ತು! ಹಾಗಾಗಿ ಫೋಟೊ ಕಂಡ ಕೂಡಲೇ ನೋಡಬೇಕಾದದ್ದು ಅದರಲ್ಲಿನ ವಯಸ್ಸು. ಹತ್ತು ವರ್ಷದ ಕೆಳಗಿನದಾದರೆ ಆ ಜರ್ಸಿ ಕೊಂಡವರು ದೊಡ್ಡವರು. ಹದಿನಾಲ್ಕು ಹದಿನೈದಾದರೆ ಆಯ್ಕೆ ಅವನದೇ, ಆದರೂ ಅದು ಅಭಿಮಾನವೇ ಹೊರತು ಅಪರಾಧ ಅಲ್ಲ. ಹದಿನೆಂಟು ದಾಟಿ, ಆಗಲೇ ವೃತ್ತಿಪರ ಆಟಗಾರನಾಗಿದ್ದುಕೊಂಡು ಎದುರು ಬಣದ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದನೆಂದರೆ ಆಗ ಕೂತು ಮಾತಾಡಬೇಕಾಗುತ್ತದೆ.

ಫೋಟೊಗಿಂತ ತೂಕದ್ದು ಬರಹ. ತನ್ನ ಕ್ಲಬ್ಬನ್ನು ಹೊಗಳಿದ ಮಾತು ಬೇರೆ, ನಮ್ಮನ್ನು ಹೀಯಾಳಿಸಿದ ಮಾತು ಬೇರೆ. ಈ ಗೆರೆಯನ್ನು ಹುಷಾರಾಗಿ ಎಳೆಯಬೇಕು. ಸೆರ್ಜಿ ಗ್ವಾರ್ದಿಯೋಲಾ ಅನ್ನುವ ಫಾರ್ವರ್ಡ್‌ನನ್ನು ಬಾರ್ಸಿಲೋನಾ ತನ್ನ ಬಿ ತಂಡಕ್ಕೆ 2015ರ ಡಿಸೆಂಬರ್ 28ರಂದು ಸೇರಿಸಿಕೊಂಡಿತು. ಕೆಲವೇ ಗಂಟೆಗಳಲ್ಲಿ ಅವನ 2013ರ ಟ್ವೀಟ್‌ಗಳು ಹೊರಬಂದವು. ಎದುರಾಳಿ ರಿಯಲ್ ಮ್ಯಾಡ್ರಿಡ್‌ಗೆ ಜೈಕಾರವಷ್ಟೇ ಇದ್ದಿದ್ದರೆ ಗದ್ದಲವಾಗಿ ಮುಗಿಯುತ್ತಿತ್ತೋ ಏನೋ. ಅದರ ಜೊತೆಗೆ ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯವನ್ನೇ ಬೈದ ಮಾತಿತ್ತು. ಅದೇ ದಿನ ಒಪ್ಪಂದ ರದ್ದಾಯಿತು. ಇಲ್ಲಿ ತಪ್ಪು ಆಟಗಾರನದಷ್ಟೇ ಅಲ್ಲ. ಸಹಿಗೆ ಮುಂಚೆ ಮೊಣಕಾಲಿನ ಸ್ಕ್ಯಾನ್ ತೆಗೆಸುವ ಕ್ಲಬ್, ಹಳೆಯ ಖಾತೆಯಲ್ಲಿ ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ಹಾಕಿ ಹುಡುಕಿದ್ದರೆ ಹತ್ತು ನಿಮಿಷದ ಕೆಲಸ. ಪ್ರಕಟಣೆಯ ಹಿಂದಿನ ರಾತ್ರಿ ಟ್ವೀಟ್‌ಗಳನ್ನು ಒಟ್ಟಿಗೆ ಅಳಿಸುವುದಂತೂ ಅತಿ ಕೆಟ್ಟ ಉಪಾಯ. ಸ್ಕ್ರೀನ್‌ಶಾಟ್ ಯಾರ ಬಳಿಯಾದರೂ ಇದ್ದೇ ಇರುತ್ತದೆ, ಅಳಿಸಿದ್ದೇ ಕಳ್ಳತನದ ಸಾಕ್ಷಿಯಾಗುತ್ತದೆ. ಮೊದಲ ಸಂದರ್ಶನದಲ್ಲೇ 'ಹೌದು, ನಮ್ಮ ಮನೆಯಲ್ಲಿ ಎಲ್ಲರೂ ಅವರ ಕಡೆ, ನಾನೂ ಹಾಗೇ ಬೆಳೆದೆ' ಅಂತ ಒಂದು ಸಾಲು ಹೇಳಿಬಿಟ್ಟರೆ ಮಾತಿಗೆ ಅಲ್ಲೇ ತೆರೆ. ಬಂದ ದಿನವೇ ಲಾಂಛನಕ್ಕೆ ಮುತ್ತಿಡುವುದು ಮಾತ್ರ ಬೇಡ. ಎವರ್ಟನ್‌ನಲ್ಲಿದ್ದ ವೇಯ್ನ್ ರೂನಿ 'ಒಮ್ಮೆ ನೀಲಿಯಾದವನು ಎಂದೆಂದಿಗೂ ನೀಲಿ' ಅನ್ನುವ ಬರಹದ ಬನಿಯನ್ ತೋರಿಸಿದ್ದು 2002ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದದ್ದು 2004ರಲ್ಲಿ. ಎವರ್ಟನ್‌ನವರಿಗೆ ಅವನು ಹೋದದ್ದಕ್ಕಿಂತ ಆ ಬನಿಯನ್ ಹೆಚ್ಚು ಕಾಲ ಚುಚ್ಚಿತು.

ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದ ಮಾತು ಸ್ವಲ್ಪ ಬೇರೆ. ಅಲ್ಲಿ ಸೆಲ್ಟಿಕ್, ರೇಂಜರ್ಸ್ ಅಂದರೆ ಕ್ಲಬ್ ಮಾತ್ರ ಅಲ್ಲ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಮನೆತನಗಳ ಹಳೆಯ ಬಿರುಕು. ಕೆನ್ನಿ ಡಾಲ್ಗ್ಲಿಶ್ ಬೆಳೆದದ್ದು ರೇಂಜರ್ಸ್ ಅಭಿಮಾನಿಯಾಗಿ, ಹದಿಹರೆಯದಲ್ಲಿ ಇದ್ದದ್ದು ರೇಂಜರ್ಸ್‌ನ ಮೈದಾನ ಐಬ್ರಾಕ್ಸ್ ಹತ್ತಿರದ ಮನೆಯಲ್ಲಿ. 1967ರಲ್ಲಿ ಸೆಲ್ಟಿಕ್‌ನ ಸಹಾಯಕ ಮ್ಯಾನೇಜರ್ ಶಾನ್ ಫ್ಯಾಲನ್ ಸಹಿ ಮಾಡಿಸಿಕೊಳ್ಳಲು ಮನೆಗೆ ಬಂದಾಗ, ಹುಡುಗ ತನ್ನ ಕೋಣೆಗೆ ಓಡಿ ಗೋಡೆಯ ಮೇಲಿದ್ದ ರೇಂಜರ್ಸ್ ಆಟಗಾರರ ಚಿತ್ರಗಳನ್ನು ಗಡಿಬಿಡಿಯಲ್ಲಿ ಕಿತ್ತನಂತೆ. ಸೆಲ್ಟಿಕ್‌ಗೆ ಅವನು 167 ಗೋಲು ಕೊಟ್ಟ. 1977ರಲ್ಲಿ ಲಿವರ್‌ಪೂಲ್ ಅವನಿಗೆ 4 ಲಕ್ಷ 40 ಸಾವಿರ ಪೌಂಡ್ ತೆತ್ತಿತು. ಅವನ ಜೊತೆಗಾರ ಡ್ಯಾನಿ ಮೆಕ್‌ಗ್ರೇನ್ ಕೂಡ ರೇಂಜರ್ಸ್ ಮನೆಯ ಹುಡುಗನೇ. ಹೆಸರು ಕೇಳಿ ಕ್ಯಾಥೊಲಿಕ್ ಇರಬೇಕೆಂದು ರೇಂಜರ್ಸ್‌ನವರು ಕೈಬಿಟ್ಟರು ಅಂತ ಅಲ್ಲಿ ಇವತ್ತಿಗೂ ಹೇಳುತ್ತಾರೆ. ಸ್ಕಾಟ್ಲೆಂಡಿಗೆ 62 ಪಂದ್ಯ ಆಡಿದ ಬ್ಯಾಕ್ ಅವನು. ಸೆಲ್ಟಿಕ್‌ನ ಆಗಿನ ಮ್ಯಾನೇಜರ್ ಜಾಕ್ ಸ್ಟೀನ್ ಅವರದೆನ್ನುವ ಒಂದು ಲೆಕ್ಕಾಚಾರವೂ ಪ್ರಸಿದ್ಧ. ಸರಿಸಮಾನ ಪ್ರತಿಭೆಯ ಇಬ್ಬರು ಹುಡುಗರಲ್ಲಿ ಒಬ್ಬ ಕ್ಯಾಥೊಲಿಕ್, ಒಬ್ಬ ಪ್ರಾಟೆಸ್ಟಂಟ್ ಆದರೆ ಪ್ರಾಟೆಸ್ಟಂಟ್ ಹುಡುಗನನ್ನು ಮೊದಲು ತೆಗೆದುಕೊಳ್ಳಬೇಕು, ಇನ್ನೊಬ್ಬನನ್ನು ರೇಂಜರ್ಸ್ ಹೇಗೂ ಮುಟ್ಟುವುದಿಲ್ಲ. ಜರಡಿ ಹಿಡಿದು ಕೂತ ಕ್ಲಬ್ ತನ್ನ ಊರಿನ ಅರ್ಧ ಪ್ರತಿಭೆಯನ್ನು ಎದುರಾಳಿಗೆ ಬಿಟ್ಟುಕೊಟ್ಟಿತ್ತು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಆ ಜರಡಿ ಎಲ್ಲರೂ ನೋಡುವಂತೆ ಮುರಿದದ್ದು 1989ರ ಜುಲೈನಲ್ಲಿ. ಕ್ಯಾಥೊಲಿಕ್, ಸೆಲ್ಟಿಕ್ ಅಭಿಮಾನಿ, ಸೆಲ್ಟಿಕ್‌ನ ಮಾಜಿ ಆಟಗಾರ, ಅದೇ ಮೇ ತಿಂಗಳಲ್ಲಿ ಸೆಲ್ಟಿಕ್‌ಗೆ ಮರಳುತ್ತೇನೆಂದು ಪತ್ರಕರ್ತರ ಮುಂದೆ ಕೂತಿದ್ದ ಮೊ ಜಾನ್‌ಸ್ಟನ್‌ನನ್ನು ರೇಂಜರ್ಸ್‌ನ ಮ್ಯಾನೇಜರ್ ಗ್ರೇಮ್ ಸೌನೆಸ್ 15 ಲಕ್ಷ ಪೌಂಡ್ ಕೊಟ್ಟು ರೇಂಜರ್ಸ್‌ಗೆ ಕರೆತಂದರು. ಅಭಿಮಾನಿಗಳು ಐಬ್ರಾಕ್ಸ್ ಹೊರಗೆ ಸ್ಕಾರ್ಫ್ ಸುಟ್ಟರು. ನವೆಂಬರ್ 4ರಂದು ಸೆಲ್ಟಿಕ್ ವಿರುದ್ಧ ಪಂದ್ಯ ಇನ್ನೇನು ಮುಗಿಯಬೇಕು, ಜಾನ್‌ಸ್ಟನ್ ಗೋಲು ಹೊಡೆದ. 1–0. ಐಬ್ರಾಕ್ಸ್ ಎದ್ದು ನಿಂತಿತು.

ಹಾಗಾದರೆ ಬಾಲ್ಯದ ಪ್ರೀತಿ ಎಲ್ಲೂ ಕೆಲಸ ಮಾಡುವುದೇ ಇಲ್ಲವೇ? ಮಾಡುತ್ತದೆ, ನಾವು ಹೆದರುವ ಜಾಗದಲ್ಲಿ ಅಲ್ಲ. 2025ರ ಆಗಸ್ಟ್‌ನಲ್ಲಿ ಟಾಟನಮ್ ಅಭಿಮಾನಿಗಳ ಮುಂದೆ ಎಬೆರೆಚಿ ಎಝೆ ಹೆಸರು ಬಂತು. ಕ್ರಿಸ್ಟಲ್ ಪ್ಯಾಲೆಸ್‌ಗೆ ಎಫ್‌ಎ ಕಪ್ ಗೆದ್ದುಕೊಟ್ಟ ಗೋಲು ಅವನದು. ಅವನು ಲಂಡನ್ನಿನಲ್ಲೇ ಟಾಟನಮ್‌ನ ಬದ್ಧ ಎದುರಾಳಿಯಾದ ಆರ್ಸೆನಲ್‌ನ ಅಭಿಮಾನಿ, ಹದಿಮೂರನೇ ವಯಸ್ಸಿನಲ್ಲಿ ಆರ್ಸೆನಲ್ ಅಕಾಡೆಮಿಯೇ ಹೊರಹಾಕಿದ ಹುಡುಗ. ಟಾಟನಮ್ ಮಾತುಕತೆ ಬಹುತೇಕ ಮುಗಿಸಿತ್ತು. ಅದೇ ವಾರ ಆರ್ಸೆನಲ್‌ನ ಕೈ ಹಾವರ್ಟ್ಸ್ ಗಾಯಗೊಂಡ, ಆರ್ಸೆನಲ್ ಎಝೆಗಾಗಿ ನುಗ್ಗಿತು, ಎಝೆ ಮನೆಯ ದಾರಿ ಹಿಡಿದ. ನವೆಂಬರ್ 23ರ ಡರ್ಬಿಯಲ್ಲಿ ಟಾಟನಮ್ ವಿರುದ್ಧ ಹ್ಯಾಟ್ರಿಕ್ ಹೊಡೆದ, ಆರ್ಸೆನಲ್ 4–1ರಿಂದ ಗೆದ್ದಿತು. ಮನದೊಳಗಿನ ಒಲವು ಪಂದ್ಯದ ತೊಂಬತ್ತು ನಿಮಿಷದಲ್ಲಿ ಅಡ್ಡ ಬರುವುದಿಲ್ಲ. ಎರಡು ಕ್ಲಬ್ಬುಗಳ ಕಾಗದ ಒಟ್ಟಿಗೆ ಮೇಜಿನ ಮೇಲಿದ್ದಾಗ ಅದು ಪೆನ್ನಿನ ಮೇಲೆ ಕೂರುತ್ತದೆ.

ಆದ್ದರಿಂದ ಇಂಥ ಆಟಗಾರನನ್ನು ತರುವ ಕ್ಲಬ್ ಕಾಪಾಡಿಕೊಳ್ಳಬೇಕಾದ ಎರಡು ಗಳಿಗೆಗಳಿವೆ. ಮೊದಲನೆಯದು ಒಪ್ಪಿಗೆಗೂ ಸಹಿಗೂ ನಡುವಿನ ಕಾಲ. ಕಂತುಗಳ ಚೌಕಾಸಿಯಲ್ಲಿ ಎರಡು ವಾರ ಎಳೆದರೆ ಎದುರು ಮನೆಯ ಫೋನಿಗೆ ಎರಡು ವಾರ ಕೊಟ್ಟಂತೆ. ಎರಡನೆಯದು ಒಪ್ಪಂದದ ಕೊನೆ. ಎರಡು ವರ್ಷ ಬಾಕಿ ಇರುವಾಗಲೇ ಹೊಸ ಒಪ್ಪಂದ ಮುಂದಿಡಬೇಕು. ಕೊನೆಯ ವರ್ಷಕ್ಕೆ ಬಿಟ್ಟರೆ ಕ್ಲಬ್ಬಿಗೆ ಬಿಡಿಗಾಸೂ ಸಿಗದೆ ಆಟಗಾರ ಕೈ ಜಾರುತ್ತಾನೆ. 2001ರಲ್ಲಿ ಟಾಟನಮ್‌ನ ನಾಯಕ ಸೋಲ್ ಕ್ಯಾಂಪ್‌ಬೆಲ್ ಆರ್ಸೆನಲ್‌ಗೆ ಹಾಗೇ ಹೋದ, ಅವನಂತೂ ಆರ್ಸೆನಲ್ ಅಭಿಮಾನಿಯೂ ಆಗಿರಲಿಲ್ಲ. ಲಿವರ್‌ಪೂಲ್‌ನಲ್ಲೇ ಹುಟ್ಟಿ, ಲಿವರ್‌ಪೂಲ್ ಅಭಿಮಾನಿಯಾಗಿಯೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ 2025ರಲ್ಲಿ ಒಪ್ಪಂದ ಮುಗಿಯುವ ಹೊತ್ತಿಗೆ ರಿಯಲ್ ಮ್ಯಾಡ್ರಿಡ್‌ಗೆ ಹೊರಟಾಗ ಆನ್‌ಫೀಲ್ಡ್‌ನ ಒಂದು ಭಾಗ ಅವನನ್ನು ಬೂ ಎಂದು ಕೂಗಿತು. ಒಪ್ಪಂದದ ಅವಧಿ ನೋಡಿಕೊಳ್ಳದಿದ್ದರೆ ಯಾವ ಬಣ್ಣದ ಬಾಲ್ಯವೂ ಉಳಿಸಿಕೊಡುವುದಿಲ್ಲ.

ದುಡ್ಡಿನ ಲೆಕ್ಕ ಇನ್ನೂ ನೇರ. 4 ಕೋಟಿ ಪೌಂಡಿನ ಆಟಗಾರನಿಗೆ ಐದು ವರ್ಷದ ಒಪ್ಪಂದವೆಂದರೆ ಕ್ಲಬ್ಬಿನ ಪುಸ್ತಕದಲ್ಲಿ ವರ್ಷಕ್ಕೆ 80 ಲಕ್ಷ. ವಾರಕ್ಕೆ 1 ಲಕ್ಷ ಸಂಬಳವಾದರೆ ಅದರ ಮೇಲೆ 52 ಲಕ್ಷ. ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಂಚಿ ತೋರಿಸಲು ಈಗ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯೂ ಪ್ರೀಮಿಯರ್ ಲೀಗೂ ಬಿಡುವುದಿಲ್ಲ. ವರ್ಷಕ್ಕೆ 1 ಕೋಟಿ 32 ಲಕ್ಷ ಪೌಂಡ್ ತಿನ್ನುವ ಒಬ್ಬನ ಬಗ್ಗೆ ಅಭಿಮಾನಿಗಳು ಕೇಳಬೇಕಾದದ್ದು ಅವನ ವಯಸ್ಸು, ಕಳೆದ ಮೂರು ಋತುಗಳಲ್ಲಿ ಅವನು ಆಡಿದ ನಿಮಿಷಗಳು, ತೊಡೆಯ ಹಿಂಭಾಗದ ಸ್ನಾಯು ಎಷ್ಟು ಸಲ ಕೈಕೊಟ್ಟಿದೆ, ಅವನು ಬಂದರೆ ಯಾರು ಬೆಂಚಿಗೆ ಹೋಗುತ್ತಾರೆ ಅನ್ನುವುದನ್ನು. ಹಳೆಯ ಜರ್ಸಿಯ ಜಗಳದಲ್ಲಿ ಈ ಪ್ರಶ್ನೆಗಳು ಮುಚ್ಚಿಹೋಗುತ್ತವೆ. ನನ್ನ ನಿಜವಾದ ಸಂಕಟ ಅದೇ.

ಹ್ಯಾರಿ ಕೇನ್‌ದೂ ಒಂದು ಫೋಟೊ ಇದೆ. 2004ರಲ್ಲಿ ಆರ್ಸೆನಲ್ ಸೋಲಿಲ್ಲದೆ ಲೀಗ್ ಗೆದ್ದಾಗಿನದು, ಹತ್ತು ವರ್ಷದ ಹುಡುಗ ಆರ್ಸೆನಲ್ ಅಂಗಿಯಲ್ಲಿ, ಕೂದಲಿಗೆ ಕೆಂಪು ಬಣ್ಣ. ಅದಕ್ಕೂ ಮೊದಲೇ ಆರ್ಸೆನಲ್ ಅಕಾಡೆಮಿ ಅವನನ್ನು ಒಂದು ವರ್ಷ ಇಟ್ಟುಕೊಂಡು ಕಳಿಸಿತ್ತು. ಆ ಚಿತ್ರ ಜಾಲತಾಣಗಳಲ್ಲಿ ಓಡಾಡತೊಡಗಿದ್ದು 2015ರಲ್ಲಿ, ಅವನು ಟಾಟನಮ್ ಪರ ಹೆಸರು ಮಾಡುತ್ತಿದ್ದ ದಿನಗಳಲ್ಲಿ. ಆ ವರ್ಷದ ಫೆಬ್ರುವರಿ 7ರಂದು ಟಾಟನಮ್‌ನ ಆಗಿನ ಮೈದಾನ ವೈಟ್ ಹಾರ್ಟ್ ಲೇನ್‌ನಲ್ಲಿ ಆರ್ಸೆನಲ್ ವಿರುದ್ಧ ಪಂದ್ಯ. ಮೊದಲ ಗೋಲು ಆರ್ಸೆನಲ್‌ದು. 56ನೇ ನಿಮಿಷದಲ್ಲಿ ಕೇನ್ ಸಮ ಮಾಡಿದ. 86ನೇ ನಿಮಿಷದಲ್ಲಿ ಕ್ರಾಸ್ ಬಂತು, ಕೇನ್ ಹಿಂದಕ್ಕೆ ಬಾಗಿ ತಲೆ ಕೊಟ್ಟ, ಚೆಂಡು ಗೋಲ್‌ಕೀಪರ್‌ನನ್ನು ದಾಟಿ ದೂರದ ಕಂಬದ ಒಳಗೆ ಬಿತ್ತು.